ಜಾನುವಾರು ವೀರ್ಯದ ಘನೀಕರಣ: ಸಂಸ್ಕರಣೆಯ ಹಂತಗಳಲ್ಲಿ ವೀರ್ಯಾಣುಗಳ ಮೇಲಾಗುವ ಪರಿಣಾಮಗಳು – ಸೇವೆ ಪಡೆಯುವ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ರಾಜ್ಯದ ಪಶು ಆಸ್ಪತ್ರೆಗಳು, ಪಶು ಚಿಕಿತ್ಸಾಲಯಗಳು ಹಾಗೂ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರಗಳ ಮೂಲಕ ಹಸು ಮತ್ತು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಸೇವೆಯನ್ನು ಒದಗಿಸಲಾಗುತ್ತಿದೆ. ಈ ಸೇವೆಯಲ್ಲಿ ಬಳಸಲಾಗುವುದು ಘನೀಕೃತ ವೀರ್ಯ. ಅಂದರೆ, ಹೋರಿ ಅಥವಾ ಕೋಣದಿಂದ ಸಂಗ್ರಹಿಸಿ, ಸಂಸ್ಕರಿಸಿ, ತೆಳುವಾದ ಪ್ಲಾಸ್ಟಿಕ್ ಕಡ್ಡಿಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರವ ಸಾರಜನಕದಲ್ಲಿ ಸಂರಕ್ಷಿಸಿಟ್ಟ ವೀರ್ಯ.

ಕೃತಕ ಗರ್ಭಧಾರಣೆ ಮಾಡಿಸಿದ ಹಸುವು 21 ದಿನಗಳ ನಂತರ ಪುನಃ ಬೆದೆಗೆ ಬಂದಾಗ ಸಾರ್ವಜನಿಕರು ಸಾಮಾನ್ಯವಾಗಿ ಮೂರು ಬಗೆಯ ಸಂದೇಹಗಳನ್ನು ವ್ಯಕ್ತಪಡಿಸುತ್ತಾರೆ: ಕಡ್ಡಿಯಲ್ಲಿದ್ದ ವೀರ್ಯ ಸರಿಯಿರಲಿಲ್ಲ, ಸಿಬ್ಬಂದಿ ಸರಿಯಾಗಿ ಮಾಡಲಿಲ್ಲ, ಅಥವಾ ಹಸುವೇ ಬಂಜೆ. ಕೊನೆಯ ತೀರ್ಮಾನಕ್ಕೆ ಬಂದು ಉತ್ತಮವಾದ ಹಸುವನ್ನು ಕಡಿಮೆ ಬೆಲೆಗೆ ಮಾರಿಬಿಡುವ ಕುಟುಂಬಗಳೂ ಇವೆ. ಹೀಗೆ ತೀರ್ಮಾನಿಸುವ ಮೊದಲು, ಘನೀಕರಣವೆಂಬ ಕಾರ್ಯದಲ್ಲಿ ವೀರ್ಯಾಣುವಿಗೆ ಏನಾಗುತ್ತದೆ, ಕಡ್ಡಿಯೊಳಗೆ ಉಳಿದುಬಂದ ವೀರ್ಯಾಣುವಿನ ಶಕ್ತಿ ಎಷ್ಟು, ಅದರ ಮಿತಿ ಏನು ಎಂಬುದನ್ನು ಅರಿತುಕೊಳ್ಳುವುದು ಅವಶ್ಯಕ.

ಒಟ್ಟಾರೆ ಹೇಳಬೇಕಾದ ವಿಷಯ ಇಷ್ಟು: ಘನೀಕರಣದಿಂದ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ನಷ್ಟವಾಗುತ್ತವೆ, ಉಳಿದ ಅರ್ಧದ ಆಯುಷ್ಯವೂ ಕಡಿಮೆಯಾಗಿರುತ್ತದೆ. ಈ ನಷ್ಟವನ್ನು ಮೊದಲೇ ಲೆಕ್ಕಹಾಕಿ ಕಡ್ಡಿಯನ್ನು ತುಂಬಲಾಗಿರುತ್ತದೆ. ಆದರೆ ಕೇಂದ್ರದಿಂದ ಕೊಟ್ಟಿಗೆಯವರೆಗಿನ ದಾರಿಯಲ್ಲಿ ಆಗುವ ಹೆಚ್ಚುವರಿ ನಷ್ಟಕ್ಕೂ, ಬೆದೆಯ ಸಮಯ ತಪ್ಪುವುದಕ್ಕೂ ಯಾವ ಲೆಕ್ಕದಲ್ಲಿಯೂ ಅವಕಾಶವಿರುವುದಿಲ್ಲ.

2. ಹಿನ್ನೆಲೆ

ಭಾರತದಲ್ಲಿ ಜಾನುವಾರುಗಳ ಕೃತಕ ಗರ್ಭಧಾರಣೆಯ ಮೊದಲ ಪ್ರಯೋಗ ನಡೆದುದು ನಮ್ಮ ರಾಜ್ಯದಲ್ಲಿಯೇ ಎಂಬುದು ಹೆಮ್ಮೆಯ ಸಂಗತಿ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಇದನ್ನು ಕೈಗೊಂಡರು. ಆಗ ಬಳಸುತ್ತಿದ್ದುದು ತಾಜಾ ವೀರ್ಯ. ಅದನ್ನು ದೂರದ ಊರುಗಳಿಗೆ ಸಾಗಿಸುವುದಾಗಲೀ, ದೀರ್ಘಕಾಲ ಇಟ್ಟುಕೊಳ್ಳುವುದಾಗಲೀ ಸಾಧ್ಯವಿರಲಿಲ್ಲ.

1940ರಲ್ಲಿ ಅಮೆರಿಕದ ಫಿಲಿಪ್ಸ್ ಮತ್ತು ಲಾರ್ಡಿ ಎಂಬ ವಿಜ್ಞಾನಿಗಳು, ಕೋಳಿಮೊಟ್ಟೆಯ ಹಳದಿ ಭಾಗವನ್ನು ಬೆರೆಸಿದರೆ ಹೋರಿಯ ವೀರ್ಯಾಣುಗಳು ತಂಪಿನಲ್ಲಿ ಕೆಲವು ದಿನ ಬದುಕುತ್ತವೆ ಎಂಬುದನ್ನು ತೋರಿಸಿಕೊಟ್ಟರು. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಅವರು, ಗ್ಲಿಸರಾಲ್ ಬೆರೆಸಿದ ವೀರ್ಯಾಣುಗಳು ಹೆಪ್ಪುಗಟ್ಟಿ ಕರಗಿದ ಮೇಲೂ ಜೀವಂತವಾಗಿರುತ್ತವೆ ಎಂಬುದನ್ನು ಪ್ರಕಟಿಸಿದರು. ಹುಂಜದ ವೀರ್ಯದ ಮೇಲೆ ನಡೆಯುತ್ತಿದ್ದ ಪ್ರಯೋಗದಲ್ಲಿ, ಸಕ್ಕರೆಯ ದ್ರಾವಣವೆಂದು ಭಾವಿಸಿ ಬಳಸಿದ ಶೀಶೆಯಲ್ಲಿ ವಾಸ್ತವವಾಗಿ ಗ್ಲಿಸರಾಲ್ ಇದ್ದುದರಿಂದ ಈ ಸಂಗತಿ ಬೆಳಕಿಗೆ ಬಂತು. 1951ರಲ್ಲಿ ಘನೀಕೃತ ವೀರ್ಯದಿಂದ ಜನಿಸಿದ ಮೊದಲ ಕರುವಿನ ವರದಿ ಪ್ರಕಟವಾಯಿತು.

ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ 1969ರಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆಯು ಸ್ಥಾಪನೆಯಾಯಿತು. ಕರ್ನಾಟಕ ಹಾಲು ಮಹಾಮಂಡಳಿಯ ನಂದಿನಿ ವೀರ್ಯ ಕೇಂದ್ರವೂ ಹೆಸರಘಟ್ಟದಲ್ಲಿಯೇ ಇದೆ.

3. ವೀರ್ಯಾಣುವಿನ ರಚನೆ

ಹೋರಿಯ ಒಂದು ವೀರ್ಯಾಣುವಿನ ಒಟ್ಟು ಉದ್ದ ಒಂದು ಮಿಲಿಮೀಟರಿನ ನೂರರಲ್ಲಿ ಸುಮಾರು ಏಳು ಭಾಗ ಮಾತ್ರ. ಅದರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಬಹುದು.

(ಅ) ತಲೆ: ಇದರಲ್ಲಿ ತಂದೆಯ ವಂಶವಾಹಿಗಳು ಅತ್ಯಂತ ಬಿಗಿಯಾಗಿ ಅಡಕವಾಗಿರುತ್ತವೆ. 
(ಆ) ಆಕ್ರೋಸೋಮ್: ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ತೆಳುವಾದ ಚೀಲ. ಅಂಡಾಣುವಿನ ಹೊರಕವಚವನ್ನು ಭೇದಿಸಲು ಬೇಕಾದ ಕಿಣ್ವಗಳು ಇದರಲ್ಲಿರುತ್ತವೆ. ಈ ಚೀಲ ಒಂದೇ ಬಾರಿ ತೆರೆದುಕೊಳ್ಳಬಲ್ಲದು. 
(ಇ) ನಡುಭಾಗ ಮತ್ತು ಬಾಲ: ನಡುಭಾಗದಲ್ಲಿರುವ ಮೈಟೋಕಾಂಡ್ರಿಯಗಳು ಶಕ್ತಿಯನ್ನು ಉತ್ಪಾದಿಸುತ್ತವೆ, ಬಾಲವು ಚಲನೆಯನ್ನು ನೀಡುತ್ತದೆ. 
(ಈ) ಹೊರಪೊರೆ: ಇವೆಲ್ಲವನ್ನೂ ಆವರಿಸಿರುವ, ಕೊಬ್ಬಿನಂಶ ಮತ್ತು ಪ್ರೋಟೀನುಗಳಿಂದಾದ ಪೊರೆ. ಒಳಗೆ ಏನು ಬರಬೇಕು, ಹೊರಗೆ ಏನು ಹೋಗಬೇಕು ಎಂಬುದನ್ನು ಇದು ನಿಯಂತ್ರಿಸುತ್ತದೆ.

ದೇಹದ ಇತರ ಜೀವಕೋಶಗಳಿಗೆ ಪೆಟ್ಟಾದಾಗ ಅವು ಹೊಸ ಪ್ರೋಟೀನುಗಳನ್ನು ತಯಾರಿಸಿಕೊಂಡು ತಮ್ಮನ್ನು ತಾವು ದುರಸ್ತಿ ಮಾಡಿಕೊಳ್ಳಬಲ್ಲವು. ವೀರ್ಯಾಣುವಿಗೆ ಈ ಸಾಮರ್ಥ್ಯ ಬಹುಮಟ್ಟಿಗೆ ಇಲ್ಲ. ಅದು ಪ್ರಯಾಣಕ್ಕೆ ಬೇಕಾದಷ್ಟನ್ನು ಮಾತ್ರ ಹೊತ್ತು ಹೊರಟ ಜೀವಕೋಶ. ಆದುದರಿಂದ ಸಂಸ್ಕರಣೆಯ ಒಂದು ಹಂತದಲ್ಲಿ ಆದ ಪೆಟ್ಟು ಮುಂದಿನ ಹಂತದಲ್ಲಿ ವಾಸಿಯಾಗುವುದಿಲ್ಲ. ಪೆಟ್ಟುಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಮುಂದೆ ವಿವರಿಸುವ ಪ್ರತಿಯೊಂದು ಹಂತವನ್ನೂ ಈ ದೃಷ್ಟಿಯಿಂದ ಗಮನಿಸಬೇಕಾಗಿ ಕೋರಲಾಗಿದೆ.

4. ಸಂಸ್ಕರಣೆಯ ಹಂತಗಳು ಮತ್ತು ಅವುಗಳ ಪರಿಣಾಮ

4.1 ಸಂಗ್ರಹಣೆ ಮತ್ತು ಪರೀಕ್ಷೆ

ರೋಗಮುಕ್ತವೆಂದು ಪರೀಕ್ಷೆಯಿಂದ ದೃಢಪಟ್ಟ ಹೋರಿಗಳಿಂದ ಕೃತಕ ಯೋನಿಯ ಸಹಾಯದಿಂದ ವೀರ್ಯವನ್ನು ಸಂಗ್ರಹಿಸಲಾಗುತ್ತದೆ. ಕೂಡಲೇ ಅದನ್ನು ದೇಹದ ಉಷ್ಣತೆಗೆ ಸಮನಾದ ನೀರಿನ ತೊಟ್ಟಿಯಲ್ಲಿರಿಸಿ, ಪ್ರಮಾಣ, ಸಾಂದ್ರತೆ ಮತ್ತು ಚಲನಶೀಲತೆಯನ್ನು ಪರೀಕ್ಷಿಸಲಾಗುತ್ತದೆ. ಪ್ರಾರಂಭಿಕ ಚಲನಶೀಲತೆಯು ಶೇ. 70ಕ್ಕಿಂತ ಕಡಿಮೆಯಿದ್ದಲ್ಲಿ ಅಂತಹ ವೀರ್ಯವನ್ನು ಘನೀಕರಣಕ್ಕೆ ತೆಗೆದುಕೊಳ್ಳುವುದಿಲ್ಲ. ತಾಜಾ ಸ್ಥಿತಿಯಲ್ಲಿಯೇ ದುರ್ಬಲವಾಗಿರುವ ವೀರ್ಯವು ಮುಂದಿನ ಹಂತಗಳನ್ನು ತಾಳಲಾರದು ಎಂಬುದೇ ಇದಕ್ಕೆ ಕಾರಣ. ತಣ್ಣನೆಯ ಗಾಜು, ನೀರಿನ ಹನಿ, ಸೋಪಿನ ಅಂಶ, ನೇರ ಬಿಸಿಲು ಇವುಗಳಲ್ಲಿ ಯಾವುದೇ ಒಂದು ತಗುಲಿದರೂ ಈ ಹಂತದಲ್ಲಿ ಹಾನಿ ಸಂಭವಿಸುತ್ತದೆ.

4.2 ಸಂರಕ್ಷಕ ದ್ರಾವಣದ ಬೆರಕೆ

ಸಂಗ್ರಹಿಸಿದ ವೀರ್ಯಕ್ಕೆ ಎಕ್ಸ್‌ಟೆಂಡರ್ ಎಂದು ಕರೆಯಲಾಗುವ ಸಂರಕ್ಷಕ ದ್ರಾವಣವನ್ನು ಬೆರೆಸಲಾಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ದ್ರಾವಣದಲ್ಲಿ ಆಮ್ಲ-ಕ್ಷಾರ ಸಮತೋಲನಕ್ಕಾಗಿ ಟ್ರಿಸ್ ಮತ್ತು ಸಿಟ್ರಿಕ್ ಆಮ್ಲ, ಆಹಾರವಾಗಿ ಫ್ರಕ್ಟೋಸ್ ಸಕ್ಕರೆ, ಪೊರೆಯ ರಕ್ಷಣೆಗಾಗಿ ಸುಮಾರು ಶೇ. 20ರಷ್ಟು ಮೊಟ್ಟೆಯ ಹಳದಿ ಭಾಗ, ರೋಗಾಣು ನಿಯಂತ್ರಣಕ್ಕಾಗಿ ಪ್ರತಿಜೀವಕಗಳು ಮತ್ತು ಶೇ. 6ರಿಂದ 7ರಷ್ಟು ಗ್ಲಿಸರಾಲ್ ಇರುತ್ತವೆ.

ಈ ಬೆರಕೆಯಿಂದ ಲಾಭವೂ ಇದೆ, ತೊಂದರೆಯೂ ಇದೆ. ವೀರ್ಯದ ಸಹಜ ದ್ರವದಲ್ಲಿರುವ ಕೆಲವು ಪ್ರೋಟೀನುಗಳು ವೀರ್ಯಾಣುವಿನ ಪೊರೆಯಿಂದ ಕೊಲೆಸ್ಟರಾಲ್ ಎಂಬ ಕೊಬ್ಬಿನಂಶವನ್ನು ಕ್ರಮೇಣ ಕಸಿದುಕೊಳ್ಳುತ್ತವೆ. ಇದು ಸಹಜ ಸಂಯೋಗದಲ್ಲಿ ಅಗತ್ಯವಾದ ಕ್ರಿಯೆ. ಸಂಗ್ರಹಣೆಯಲ್ಲಿ ಮಾತ್ರ ಹಾನಿಕರ. ಮೊಟ್ಟೆಯ ಹಳದಿಯಲ್ಲಿರುವ ಕೊಬ್ಬು-ಪ್ರೋಟೀನು ಕಣಗಳು ಆ ಪ್ರೋಟೀನುಗಳನ್ನು ಹಿಡಿದಿಟ್ಟು ಪೊರೆಯನ್ನು ಕಾಪಾಡುತ್ತವೆ. ಇದೇ ವೇಳೆ, ಮಿತಿಮೀರಿ ತೆಳುಮಾಡಿದಲ್ಲಿ ಸಹಜ ದ್ರವದ ರಕ್ಷಕ ಅಂಶಗಳೂ ತೆಳುವಾಗಿ ವೀರ್ಯಾಣುಗಳು ಬೇಗನೆ ನಿಸ್ತೇಜವಾಗುತ್ತವೆ. ದ್ರಾವಣ ಮತ್ತು ವೀರ್ಯದ ಉಷ್ಣತೆ ಬೆರೆಸುವ ಸಮಯದಲ್ಲಿ ಒಂದೇ ಆಗಿರಬೇಕು.

4.3 ತಂಪುಗೊಳಿಸುವಿಕೆ

ದೇಹದ ಉಷ್ಣತೆಯಿಂದ 4 ಡಿಗ್ರಿಗೆ ಇಳಿಸುವ ಈ ಹಂತದಲ್ಲಿ ಇನ್ನೂ ಮಂಜುಗಡ್ಡೆ ಉಂಟಾಗಿರುವುದಿಲ್ಲ. ಆದರೂ ಹಾನಿ ಇಲ್ಲಿಂದಲೇ ಆರಂಭವಾಗುತ್ತದೆ. ಬೆಚ್ಚಗಿರುವಾಗ ಎಣ್ಣೆಯಂತಿರುವ ತುಪ್ಪವು ತಂಪಾದಾಗ ಹೇಗೆ ಹರಳುಗಟ್ಟುತ್ತದೆಯೋ ಹಾಗೆಯೇ ವೀರ್ಯಾಣುವಿನ ಪೊರೆಯಲ್ಲಿರುವ ಕೊಬ್ಬಿನಂಶವೂ ಗಟ್ಟಿಯಾಗತೊಡಗುತ್ತದೆ. ಎಲ್ಲ ಬಗೆಯ ಕೊಬ್ಬು ಒಂದೇ ಉಷ್ಣತೆಯಲ್ಲಿ ಗಟ್ಟಿಯಾಗುವುದಿಲ್ಲವಾದ್ದರಿಂದ ಪೊರೆಯಲ್ಲಿ ಕೆಲವು ಭಾಗ ಗಟ್ಟಿಯೂ ಕೆಲವು ಭಾಗ ಮೃದುವೂ ಆಗಿ, ಅವುಗಳ ಅಂಚಿನಲ್ಲಿ ಸೂಕ್ಷ್ಮ ಬಿರುಕುಗಳು ಉಂಟಾಗುತ್ತವೆ.

ವೇಗವಾಗಿ ತಂಪುಗೊಳಿಸಿದಲ್ಲಿ ಈ ಹಾನಿ ತೀವ್ರವಾಗುತ್ತದೆ. ಇದನ್ನು ಶೀತಾಘಾತ ಎನ್ನುತ್ತಾರೆ. ಶೀತಾಘಾತಕ್ಕೊಳಗಾದ ವೀರ್ಯಾಣುಗಳು ಸೂಕ್ಷ್ಮದರ್ಶಕದಲ್ಲಿ ವೃತ್ತಾಕಾರವಾಗಿ ಸುತ್ತುತ್ತಾ, ನಂತರ ನಿಶ್ಚಲವಾಗುತ್ತವೆ. ಪೊರೆಯ ಬಿರುಕುಗಳ ಮೂಲಕ ಕ್ಯಾಲ್ಸಿಯಂ ಒಳನುಗ್ಗುವುದು ಮತ್ತೊಂದು ಪರಿಣಾಮ. ಇದರ ಮಹತ್ವವನ್ನು 5ನೇ ಭಾಗದಲ್ಲಿ ವಿವರಿಸಲಾಗಿದೆ.

4.4 ಗ್ಲಿಸರಾಲ್ ಮತ್ತು ಸಮತೋಲನ ಅವಧಿ

ತುಂಬಿ ಮುಚ್ಚಿದ ಕಡ್ಡಿಗಳನ್ನು 4 ಡಿಗ್ರಿಯಲ್ಲಿ ಸಾಮಾನ್ಯವಾಗಿ ನಾಲ್ಕು ಗಂಟೆಗಳ ಕಾಲ ಇರಿಸಲಾಗುತ್ತದೆ. ಈ ಅವಧಿಯಲ್ಲಿ ಪೊರೆಯು ತಂಪಿಗೆ ಹೊಂದಿಕೊಳ್ಳುತ್ತದೆ. ಗ್ಲಿಸರಾಲ್ ಜೀವಕೋಶದೊಳಗೂ ಹೊರಗೂ ಸಮನಾಗಿ ಹಂಚಿಕೆಯಾಗುತ್ತದೆ. ಗ್ಲಿಸರಾಲ್ ನೀರಿನೊಡನೆ ಬೆರೆತು ಮಂಜುಗಡ್ಡೆಯ ಪ್ರಮಾಣವನ್ನು ಕಡಿಮೆ ಮಾಡುತ್ತದೆ ಮತ್ತು ಉಳಿದ ದ್ರವದಲ್ಲಿ ಲವಣಾಂಶ ವಿಪರೀತವಾಗದಂತೆ ತಡೆಯುತ್ತದೆ.

ಆದರೆ ಗ್ಲಿಸರಾಲ್ ಸಂಪೂರ್ಣ ನಿರಪಾಯಕಾರಿಯಲ್ಲ. ಅದನ್ನು ಬೆರೆಸಿದ ಕೂಡಲೇ ಜೀವಕೋಶದಿಂದ ನೀರು ಹೊರಬಂದು ವೀರ್ಯಾಣು ಕುಗ್ಗುತ್ತದೆ. ಗ್ಲಿಸರಾಲ್ ಒಳಸೇರಿದಂತೆ ಪುನಃ ಹಿಗ್ಗುತ್ತದೆ. ಪ್ರಮಾಣ ಹೆಚ್ಚಾದಲ್ಲಿ ಅದೇ ವಿಷಕಾರಿಯಾಗುತ್ತದೆ. ಮಂಜುಗಡ್ಡೆಯಿಂದ ಉಳಿಸುವಷ್ಟು ಹೆಚ್ಚು, ವಿಷವಾಗದಷ್ಟು ಕಡಿಮೆ ಎಂಬ ಕಿರಿದಾದ ಅಂತರದಲ್ಲಿ ಅದರ ಪ್ರಮಾಣವನ್ನು ನಿಗದಿಪಡಿಸಲಾಗಿದೆ.

4.5 ಘನೀಕರಣ

ಕಡ್ಡಿಗಳನ್ನು ದ್ರವ ಸಾರಜನಕದ ಆವಿಯಲ್ಲಿ ಅಥವಾ ಗಣಕ ನಿಯಂತ್ರಿತ ಘನೀಕರಣ ಯಂತ್ರದಲ್ಲಿ ಸುಮಾರು ಮೈನಸ್ 140 ಡಿಗ್ರಿಯವರೆಗೆ ಇಳಿಸಿ, ನಂತರ ದ್ರವ ಸಾರಜನಕದಲ್ಲಿ ಮುಳುಗಿಸಲಾಗುತ್ತದೆ. ಇಡೀ ಕಾರ್ಯವು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ವೀರ್ಯಾಣುಗಳಿಗೆ ಅತ್ಯಂತ ಅಪಾಯಕಾರಿಯಾದುದು ಮೈನಸ್ 196 ಡಿಗ್ರಿಯಲ್ಲ. ಅಲ್ಲಿಗೆ ತಲುಪುವ ದಾರಿಯಲ್ಲಿ ಬರುವ ಸುಮಾರು ಮೈನಸ್ 15ರಿಂದ ಮೈನಸ್ 60 ಡಿಗ್ರಿಯವರೆಗಿನ ವಲಯ. ಈ ವಲಯವನ್ನು ಹೋಗುವಾಗ ಒಮ್ಮೆ, ಕರಗುವಾಗ ಒಮ್ಮೆ, ಹೀಗೆ ಎರಡು ಬಾರಿ ದಾಟಬೇಕಾಗುತ್ತದೆ.

ಮಂಜುಗಡ್ಡೆಯು ಮೊದಲು ಜೀವಕೋಶದ ಹೊರಗೆ ಉಂಟಾಗುತ್ತದೆ. ಶುದ್ಧ ನೀರು ಮಾತ್ರ ಗಡ್ಡೆಯಾಗುವುದರಿಂದ ಉಳಿದ ದ್ರವದಲ್ಲಿ ಲವಣಗಳು ಸಾಂದ್ರವಾಗಿ, ಜೀವಕೋಶದೊಳಗಿನ ನೀರನ್ನು ಹೊರಗೆಳೆಯುತ್ತವೆ. ಘನೀಕರಣ ಅತಿ ನಿಧಾನವಾದಲ್ಲಿ ವೀರ್ಯಾಣುವು ಬಹುಹೊತ್ತು ಈ ಸಾಂದ್ರ ಲವಣದಲ್ಲಿ ಬತ್ತಿ ಹಾನಿಗೊಳ್ಳುತ್ತದೆ. ಅತಿ ವೇಗವಾದಲ್ಲಿ ನೀರು ಹೊರಬರಲು ಸಮಯ ಸಾಲದೆ, ಜೀವಕೋಶದೊಳಗೇ ಮಂಜಿನ ಹರಳುಗಳು ಉಂಟಾಗಿ ಒಳರಚನೆಯನ್ನು ಸೀಳುತ್ತವೆ. ಈ ಎರಡು ಕಾರಣಗಳ ಸಿದ್ಧಾಂತವನ್ನು ಪೀಟರ್ ಮಾಜರ್ ಮತ್ತು ಸಹವಿಜ್ಞಾನಿಗಳು 1972ರಲ್ಲಿ ಮಂಡಿಸಿದರು. ಎರಡೂ ಹಾನಿಗಳು ಕನಿಷ್ಠವಾಗುವ ಮಧ್ಯದ ವೇಗವನ್ನು ಪ್ರತಿಯೊಂದು ಪ್ರಭೇದಕ್ಕೂ ಪ್ರತ್ಯೇಕವಾಗಿ ಕಂಡುಕೊಳ್ಳಬೇಕಾಗುತ್ತದೆ.

4.6 ದಾಸ್ತಾನು

ಮೈನಸ್ 196 ಡಿಗ್ರಿಯಲ್ಲಿ ವೀರ್ಯಾಣುವಿನ ಎಲ್ಲ ಜೀವಕ್ರಿಯೆಗಳೂ ಸ್ಥಗಿತಗೊಂಡಿರುತ್ತವೆ. ಆದುದರಿಂದ ಕಾಲ ಕಳೆದಂತೆ ಅದು ಹಳತಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1968ರಲ್ಲಿ ಘನೀಕರಿಸಿದ ಮೆರಿನೋ ಟಗರುಗಳ ವೀರ್ಯವನ್ನು ಸುಮಾರು 50 ವರ್ಷಗಳ ನಂತರ 56 ಕುರಿಗಳಿಗೆ ಬಳಸಿದಾಗ 34 ಕುರಿಗಳು ಗಬ್ಬ ಧರಿಸಿದುದನ್ನು ಸಿಡ್ನಿ ವಿಶ್ವವಿದ್ಯಾಲಯವು 2019ರಲ್ಲಿ ಪ್ರಕಟಿಸಿತು.

ದಾಸ್ತಾನಿನಲ್ಲಿ ಹಾನಿ ಮಾಡುವುದು ಕಾಲವಲ್ಲ, ಉಷ್ಣತೆಯ ಏರಿಳಿತ. ಕಡ್ಡಿಯನ್ನು ಪಾತ್ರೆಯ ಕತ್ತಿನಿಂದ ಮೇಲಕ್ಕೆ ಎತ್ತಿ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಹಿಡಿದಲ್ಲಿ ಅದರೊಳಗಿನ ಸೂಕ್ಷ್ಮ ಹರಳುಗಳು ಒಂದರೊಡನೊಂದು ಸೇರಿ ದೊಡ್ಡದಾಗುತ್ತವೆ. ಪುನಃ ಸಾರಜನಕದಲ್ಲಿ ಮುಳುಗಿಸಿದರೂ ಆದ ಹಾನಿ ಉಳಿದೇ ಇರುತ್ತದೆ. ಹೊರನೋಟಕ್ಕೆ ಕಡ್ಡಿಯಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ.

4.7 ಕರಗಿಸುವಿಕೆ

ಬಳಕೆಗೆ ಮುನ್ನ ಕಡ್ಡಿಯನ್ನು 37 ಡಿಗ್ರಿ ಉಷ್ಣತೆಯ ನೀರಿನಲ್ಲಿ 30 ಸೆಕೆಂಡುಗಳ ಕಾಲ ಇರಿಸಿ ಕರಗಿಸಬೇಕು. ಅಪಾಯದ ವಲಯವನ್ನು ಶೀಘ್ರವಾಗಿ ದಾಟಿಸುವುದೇ ಇದರ ಉದ್ದೇಶ. ತಣ್ಣೀರಿನಲ್ಲಿ, ಅಂಗೈಯಲ್ಲಿ ಅಥವಾ ಜೇಬಿನಲ್ಲಿಟ್ಟು ನಿಧಾನವಾಗಿ ಕರಗಿಸಿದಲ್ಲಿ ಹರಳುಗಳು ಬೆಳೆಯಲು ಅವಕಾಶ ದೊರೆಯುತ್ತದೆ. ಕರಗುವಾಗ ನೀರು ವೇಗವಾಗಿ ಒಳನುಗ್ಗುವುದರಿಂದ ವೀರ್ಯಾಣು ಊದಿಕೊಳ್ಳುತ್ತದೆ. ಈಗಾಗಲೇ ದುರ್ಬಲವಾಗಿರುವ ಪೊರೆಯು ಹರಿಯುವುದು, ಬಾಲವು ಸುರುಳಿಯಾಗುವುದು ಈ ಹಂತದಲ್ಲಿಯೇ. ಒಮ್ಮೆ ಕರಗಿಸಿದ ಕಡ್ಡಿಯನ್ನು ಯಾವುದೇ ಕಾರಣಕ್ಕೂ ಪುನಃ ಘನೀಕರಿಸುವಂತಿಲ್ಲ.

5. ಬದುಕುಳಿದ ವೀರ್ಯಾಣುಗಳ ಸ್ಥಿತಿ

ಸೂಕ್ಷ್ಮದರ್ಶಕದಲ್ಲಿ ಚಲಿಸುತ್ತಿರುವಂತೆ ಕಂಡ ಮಾತ್ರಕ್ಕೆ ವೀರ್ಯಾಣುವು ಫಲೀಕರಣಕ್ಕೆ ಸಮರ್ಥವಾಗಿದೆ ಎನ್ನಲಾಗದು. ಬದುಕುಳಿದವುಗಳಲ್ಲಿಯೂ ಈ ಕೆಳಕಂಡ ಬದಲಾವಣೆಗಳು ಕಂಡುಬರುತ್ತವೆ.

(ಅ) ಆಕ್ರೋಸೋಮ್ ಚೀಲವು ಊದಿಕೊಂಡು ಅಥವಾ ಹರಿದು, ಅಂಡಾಣುವನ್ನು ತಲುಪುವ ಮೊದಲೇ ಕಿಣ್ವಗಳು ಸೋರಿಹೋಗುವುದು. 
(ಆ) ಮೈಟೋಕಾಂಡ್ರಿಯಗಳು ಹಾನಿಗೊಂಡು ಚಲನೆಯ ವೇಗ ಮತ್ತು ಅವಧಿ ಕುಗ್ಗುವುದು. 
(ಇ) ಸತ್ತ ವೀರ್ಯಾಣುಗಳು ಜೀವಂತ ವೀರ್ಯಾಣುಗಳಿಗೆ ಕಂಟಕವಾಗುವುದು. ಸತ್ತ ಜೀವಕೋಶಗಳಿಂದ ಹೈಡ್ರೋಜನ್ ಪೆರಾಕ್ಸೈಡಿನಂತಹ ಉತ್ಕರ್ಷಕ ವಸ್ತುಗಳು ಉತ್ಪತ್ತಿಯಾಗಿ, ಪಕ್ಕದ ಜೀವಕೋಶಗಳ ಪೊರೆಯನ್ನು ಕೆಡಿಸುತ್ತವೆ. 
(ಈ) ಅಕಾಲಿಕ ಪಕ್ವತೆ. ಇದು ಸೇವೆ ಪಡೆಯುವವರಿಗೆ ನೇರವಾಗಿ ಸಂಬಂಧಿಸಿದ ವಿಷಯವಾದ್ದರಿಂದ ಸ್ವಲ್ಪ ವಿವರಿಸಲಾಗಿದೆ.

ಸಹಜ ಸಂಯೋಗದಲ್ಲಿ ವೀರ್ಯಾಣುವು ಹಸುವಿನ ಜನನಾಂಗದಲ್ಲಿ ಕೆಲವು ಗಂಟೆಗಳನ್ನು ಕಳೆದ ಬಳಿಕವಷ್ಟೇ ಫಲೀಕರಣ ಸಾಮರ್ಥ್ಯವನ್ನು ಪಡೆಯುತ್ತದೆ. ಆಗ ಪೊರೆಯ ಕೊಲೆಸ್ಟರಾಲ್ ಕಡಿಮೆಯಾಗಿ, ಕ್ಯಾಲ್ಸಿಯಂ ಒಳಬರುತ್ತದೆ. ಈ ಸ್ಥಿತಿಯನ್ನು ತಲುಪಿದ ವೀರ್ಯಾಣುವು ಬಹುಕಾಲ ಬದುಕುವುದಿಲ್ಲ. ತಂಪುಗೊಳಿಸುವಿಕೆ ಮತ್ತು ಘನೀಕರಣದಿಂದ ಇದನ್ನೇ ಹೋಲುವ ಬದಲಾವಣೆಗಳು ಕಡ್ಡಿಯೊಳಗೇ ಆಗಿಬಿಟ್ಟಿರುತ್ತವೆ. ಅಂದರೆ ಘನೀಕೃತ ವೀರ್ಯಾಣುವು ಪಯಣವನ್ನು ಅರ್ಧ ದಾರಿಯಿಂದ ಆರಂಭಿಸುತ್ತದೆ. ಹಾಗಾಗಿ ಅದರ ಕಾಲಾವಕಾಶವೂ ಕಡಿಮೆ. ತಾಜಾ ವೀರ್ಯಾಣುಗಳು ಕಾದು ಕುಳಿತುಕೊಳ್ಳಬಲ್ಲಷ್ಟು ಹೊತ್ತು ಇವು ಕಾಯಲಾರವು. ಕೃತಕ ಗರ್ಭಧಾರಣೆಯಲ್ಲಿ ಸಮಯಪಾಲನೆಗೆ ಒತ್ತು ನೀಡುತ್ತಿರುವುದು ಈ ಕಾರಣದಿಂದಲೇ.

6. ಒಂದು ಕಡ್ಡಿಯ ಲೆಕ್ಕ

ಉದಾಹರಣೆಗೆ, ಹೋರಿಯೊಂದರಿಂದ ಒಂದು ಬಾರಿಗೆ 6 ಮಿ.ಲೀ. ವೀರ್ಯ ದೊರೆತು, ಪ್ರತಿ ಮಿ.ಲೀ.ನಲ್ಲಿ 100 ಕೋಟಿ ವೀರ್ಯಾಣುಗಳಿವೆ ಎಂದು ಭಾವಿಸೋಣ.

ಒಟ್ಟು ವೀರ್ಯಾಣುಗಳು: 600 ಕೋಟಿ 
ಪ್ರತಿ ಕಡ್ಡಿಗೆ (0.25 ಮಿ.ಲೀ.) ತುಂಬುವ ವೀರ್ಯಾಣುಗಳು: 2 ಕೋಟಿ 
ದೊರೆಯುವ ಕಡ್ಡಿಗಳು: 300 
ಕರಗಿಸಿದ ನಂತರ ಇರಬೇಕಾದ ಕನಿಷ್ಠ ಚಲನಶೀಲತೆ: ಶೇ. 50 
ಪ್ರತಿ ಕಡ್ಡಿಯಲ್ಲಿ ಬಳಕೆಗೆ ದೊರೆಯುವ ಚಲನಶೀಲ ವೀರ್ಯಾಣುಗಳು: ಕನಿಷ್ಠ 1 ಕೋಟಿ

ಸಹಜ ಸಂಯೋಗದಲ್ಲಿ ಒಂದೇ ಹಸುವಿಗೆ ವಿನಿಯೋಗವಾಗುವ ವೀರ್ಯವು ಇಲ್ಲಿ 300 ಹಸುಗಳಿಗೆ ಸಾಕಾಗುತ್ತದೆ. ಹೋರಿಯು ವೀರ್ಯವನ್ನು ಯೋನಿಮಾರ್ಗದಲ್ಲಿ ಬಿಡುತ್ತದೆ. ಕೃತಕ ಗರ್ಭಧಾರಣೆಯಲ್ಲಿ ಗರ್ಭಕಂಠವನ್ನು ದಾಟಿ, ಗರ್ಭಕೋಶದ ಬುಡದಲ್ಲಿಯೇ ಇರಿಸಲಾಗುವುದರಿಂದ ಇಷ್ಟು ಕಡಿಮೆ ಸಂಖ್ಯೆ ಸಾಕಾಗುತ್ತದೆ. ಘನೀಕರಣದ ನಷ್ಟವನ್ನು ಭರಿಸಲೆಂದೇ 1 ಕೋಟಿಯ ಬದಲು 2 ಕೋಟಿಯನ್ನು ತುಂಬಲಾಗಿರುತ್ತದೆ. ಪ್ರತಿಯೊಂದು ತಂಡದ ಕೆಲವು ಕಡ್ಡಿಗಳನ್ನು ಕರಗಿಸಿ ಪರೀಕ್ಷಿಸಿ, ನಿಗದಿತ ಮಟ್ಟ ತಲುಪದ ತಂಡವನ್ನು ನಾಶಪಡಿಸಲಾಗುತ್ತದೆ. ಚಲನಶೀಲತೆಯೊಂದೇ ಸಾಲದಾದ್ದರಿಂದ, ಸಾರ ಕಡಿಮೆಯಿರುವ ದ್ರಾವಣದಲ್ಲಿಟ್ಟು ಬಾಲ ಸುರುಳಿಯಾಗುವುದನ್ನು ನೋಡಿ ಪೊರೆಯ ಆರೋಗ್ಯವನ್ನೂ, ಬಣ್ಣ ಹಾಕಿ ಆಕ್ರೋಸೋಮ್‌ನ ಸ್ಥಿತಿಯನ್ನೂ ಪರೀಕ್ಷಿಸುವ ಕ್ರಮವಿದೆ.

7. ಜಾನುವಾರುಗಳಲ್ಲಿ ವ್ಯತ್ಯಾಸ

ಘನೀಕರಣವನ್ನು ತಾಳಿಕೊಳ್ಳುವ ಶಕ್ತಿ ಎಲ್ಲ ಪ್ರಾಣಿಗಳಲ್ಲಿಯೂ ಒಂದೇ ಅಲ್ಲ.

ಹೋರಿ: ಸಾಕುಪ್ರಾಣಿಗಳಲ್ಲಿ ಘನೀಕರಣಕ್ಕೆ ಅತ್ಯಂತ ಉತ್ತಮವಾಗಿ ಹೊಂದಿಕೊಂಡುದು. 
ಕೋಣ: ಹೋರಿಗಿಂತ ಸೂಕ್ಷ್ಮ. ಎಮ್ಮೆಗಳಲ್ಲಿ ಬೆದೆಯ ಲಕ್ಷಣಗಳು ಮಂದವಾಗಿರುವುದರಿಂದ ಸಮಯ ಗುರುತಿಸುವುದೂ ಕಷ್ಟ. ಎರಡೂ ಕಾರಣಗಳು ಸೇರಿ ಎಮ್ಮೆಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. 
ಹೋತ: ಇದರ ವೀರ್ಯದ ಸಹಜ ದ್ರವದಲ್ಲಿರುವ ಕಿಣ್ವವೊಂದು ಮೊಟ್ಟೆಯ ಹಳದಿಯೊಡನೆ ವರ್ತಿಸಿ ವೀರ್ಯಾಣುಗಳಿಗೆ ವಿಷಕಾರಿಯಾಗುತ್ತದೆ. ಇದನ್ನು ತಪ್ಪಿಸಲು ವೀರ್ಯವನ್ನು ಯಂತ್ರದಲ್ಲಿ ತಿರುಗಿಸಿ ತೊಳೆಯುವ ಕ್ರಮವಿದೆ. ಆದರೆ ಹಾಗೆ ತಿರುಗಿಸುವುದರಿಂದಲೂ ಕೆಲವು ವೀರ್ಯಾಣುಗಳು ಹಾನಿಗೊಳ್ಳುತ್ತವೆ. 
ಟಗರು: ಕುರಿಯ ಗರ್ಭಕಂಠವು ತಿರುವುಗಳಿಂದ ಕೂಡಿದ್ದು ನಳಿಕೆ ದಾಟುವುದು ಕಷ್ಟವಾದ್ದರಿಂದ, ಘನೀಕರಣದಿಂದ ದುರ್ಬಲಗೊಂಡ ವೀರ್ಯಾಣುಗಳು ಆ ದೂರವನ್ನು ಕ್ರಮಿಸುವುದು ಕಷ್ಟಸಾಧ್ಯ. 
ಹಂದಿ: ಶೀತಾಘಾತಕ್ಕೆ ಅತಿ ಬೇಗ ಒಳಗಾಗುತ್ತದೆ. ಆದುದರಿಂದ ಹಂದಿಯ ವೀರ್ಯವನ್ನು ಬಹುತೇಕ ಘನೀಕರಿಸದೆ, ಸುಮಾರು 17 ಡಿಗ್ರಿಯಲ್ಲಿ ದ್ರವರೂಪದಲ್ಲಿಯೇ ಇರಿಸಿ ಕೆಲವು ದಿನಗಳೊಳಗೆ ಬಳಸಲಾಗುತ್ತದೆ.

ಒಂದೇ ತಳಿಯ ಎರಡು ಹೋರಿಗಳ ನಡುವೆಯೂ ಈ ವ್ಯತ್ಯಾಸ ಇರುತ್ತದೆ. ನೋಟದಲ್ಲಿ ಉತ್ತಮವಾದ ಹೋರಿಯ ವೀರ್ಯವು ಘನೀಕರಣವನ್ನು ತಾಳದೆ ಹೋಗಬಹುದು. ಅಂತಹ ಹೋರಿಯು ಸಹಜ ಸಂಯೋಗದಲ್ಲಿ ಫಲವಂತವಾಗಿದ್ದರೂ ಕಡ್ಡಿಗಳ ಉತ್ಪಾದನೆಗೆ ಯೋಗ್ಯವಾಗುವುದಿಲ್ಲ.

8. ಲಿಂಗ ನಿರ್ಧರಿತ ವೀರ್ಯ

ಹೆಣ್ಣು ಕರು ಜನಿಸುವ ಸಂಭವವನ್ನು ಸುಮಾರು ಶೇ. 90ಕ್ಕೆ ಹೆಚ್ಚಿಸುವ ಲಿಂಗ ನಿರ್ಧರಿತ ವೀರ್ಯಕ್ಕೆ ಬೇಡಿಕೆ ಇದೆ. ಹೆಣ್ಣು ಕರುವಿಗೆ ಕಾರಣವಾಗುವ ವೀರ್ಯಾಣುವಿನಲ್ಲಿ ವಂಶವಾಹಿ ವಸ್ತು ಸುಮಾರು ಶೇ. 4ರಷ್ಟು ಹೆಚ್ಚಿರುತ್ತದೆ. ಪ್ರಚಲಿತ ವಿಧಾನದಲ್ಲಿ ವೀರ್ಯಾಣುಗಳಿಗೆ ಹೊಳೆಯುವ ಬಣ್ಣ ಸೇರಿಸಿ, ಒಂದೊಂದನ್ನೇ ಲೇಸರ್ ಕಿರಣದ ಮುಂದೆ ವೇಗವಾಗಿ ಹರಿಸಿ, ಈ ವ್ಯತ್ಯಾಸದ ಆಧಾರದ ಮೇಲೆ ಬೇರ್ಪಡಿಸಲಾಗುತ್ತದೆ.

ಬಣ್ಣ, ಒತ್ತಡ, ಅತಿಯಾದ ತೆಳುಮಾಡುವಿಕೆ, ದೀರ್ಘ ಸಮಯ ಇವೆಲ್ಲವೂ ಘನೀಕರಣಕ್ಕೆ ಮೊದಲೇ ವೀರ್ಯಾಣುವಿನ ಮೇಲೆ ಹೇರಲಾಗುವ ಹೆಚ್ಚುವರಿ ಹೊರೆಗಳು. ಜೊತೆಗೆ ಇಂತಹ ಕಡ್ಡಿಗಳಲ್ಲಿ 2 ಕೋಟಿಯ ಬದಲು ಸಾಮಾನ್ಯವಾಗಿ 20ರಿಂದ 40 ಲಕ್ಷ ವೀರ್ಯಾಣುಗಳು ಮಾತ್ರ ಇರುತ್ತವೆ. ಆದುದರಿಂದ ಗಬ್ಬ ನಿಲ್ಲುವ ಪ್ರಮಾಣವು ಸಾಮಾನ್ಯ ಕಡ್ಡಿಗಿಂತ ಕಡಿಮೆಯಿರುವುದು ಸಹಜ. ಉತ್ತಮ ಮೈಕಟ್ಟಿರುವ, ಕ್ರಮವಾಗಿ ಬೆದೆಗೆ ಬರುವ ಪಡ್ಡೆಗಳು ಮತ್ತು ಆರೋಗ್ಯವಂತ ಹಸುಗಳಿಗೆ ಮಾತ್ರ ಇದನ್ನು ಬಳಸುವುದು ಸೂಕ್ತ. ಹಿಂದೆ ಹಲವು ಬಾರಿ ಗಬ್ಬ ನಿಲ್ಲದ ಹಸುವಿಗೆ ಈ ಕಡ್ಡಿಯನ್ನು ಕೋರುವುದು ಸೂಕ್ತವಲ್ಲ.

9. ಸೇವೆ ಪಡೆಯುವವರು ಗಮನಿಸಬೇಕಾದ ಅಂಶಗಳು

9.1 ಸಮಯ

ಹಸುವಿನ ಬೆದೆಯು ಸಾಮಾನ್ಯವಾಗಿ 12ರಿಂದ 18 ಗಂಟೆಗಳ ಕಾಲ ಇರುತ್ತದೆ. ಬೆದೆ ಮುಗಿದ 10ರಿಂದ 12 ಗಂಟೆಗಳ ನಂತರ ಅಂಡಾಣು ಬಿಡುಗಡೆಯಾಗುತ್ತದೆ. ಬೆಳಿಗ್ಗೆ ಬೆದೆಯ ಲಕ್ಷಣ ಕಂಡಲ್ಲಿ ಅದೇ ದಿನ ಸಂಜೆ, ಸಂಜೆ ಕಂಡಲ್ಲಿ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸತಕ್ಕದ್ದು. ಬೇರೆ ಹಸುಗಳು ಮೇಲೆ ಹತ್ತಿದಾಗ ಅಲುಗದೆ ನಿಲ್ಲುವುದು, ಕೂಗುವುದು, ಮೇವಿನಲ್ಲಿ ನಿರಾಸಕ್ತಿ, ಹಾಲು ಕಡಿಮೆಯಾಗುವುದು, ಗಾಜಿನಂತೆ ತಿಳಿಯಾದ ಲೋಳೆ ಇಳಿಯುವುದು ಬೆದೆಯ ಪ್ರಮುಖ ಲಕ್ಷಣಗಳು. ಮೊದಲ ಲಕ್ಷಣ ಕಂಡ ವೇಳೆಯನ್ನು ಬರೆದಿಟ್ಟುಕೊಂಡು ಸಿಬ್ಬಂದಿಗೆ ತಿಳಿಸಬೇಕಾಗಿ ಕೋರಲಾಗಿದೆ. ಈ ಒಂದು ಮಾಹಿತಿಯನ್ನು ಹಸುವಿನ ಮಾಲೀಕರ ಹೊರತು ಬೇರೆ ಯಾರೂ ನೀಡಲಾರರು.

9.2 ಸೇವೆಯ ಸಂದರ್ಭದಲ್ಲಿ ನೋಡಬಹುದಾದ ಸಂಗತಿಗಳು

(1) ಕಡ್ಡಿಯನ್ನು ದ್ರವ ಸಾರಜನಕದ ಪಾತ್ರೆಯಿಂದ ನೇರವಾಗಿ ತೆಗೆಯಲಾಗುತ್ತಿದೆಯೇ. 
(2) ಬೆಚ್ಚಗಿನ ನೀರಿನಲ್ಲಿ 30 ಸೆಕೆಂಡು ಕರಗಿಸಲಾಗುತ್ತಿದೆಯೇ. ಬೆಚ್ಚಗಿನ ನೀರನ್ನು ಮಾಲೀಕರು ಸಿದ್ಧವಾಗಿರಿಸಿಕೊಂಡಲ್ಲಿ ಅನುಕೂಲ. ಉಷ್ಣತೆಯನ್ನು ಉಷ್ಣಮಾಪಕದಿಂದ ನೋಡುವುದು ಸೂಕ್ತ. 
(3) ಕರಗಿಸಿದ ಕಡ್ಡಿಯನ್ನು ಒರೆಸಿ ಒಣಗಿಸಿದ ನಂತರ ಕತ್ತರಿಸಲಾಗುತ್ತಿದೆಯೇ. ನೀರಿನ ಹನಿಯೂ ವೀರ್ಯಾಣುಗಳಿಗೆ ಮಾರಕ. 
(4) ಕರಗಿಸಿದ ಕೂಡಲೇ, ಬಿಸಿಲಿಗೆ ಒಡ್ಡದೆ ಬಳಸಲಾಗುತ್ತಿದೆಯೇ. 
(5) ಕಡ್ಡಿಯ ಮೇಲೆ ಮುದ್ರಿತವಾಗಿರುವ ತಳಿ, ಹೋರಿಯ ಸಂಖ್ಯೆ ಮತ್ತು ಉತ್ಪಾದನಾ ಕೇಂದ್ರದ ವಿವರವನ್ನು, ಹಸುವಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೊಡನೆ ದಾಖಲಿಸಲಾಗಿದೆಯೇ.

ಇವುಗಳನ್ನು ವಿನಯದಿಂದ ವಿಚಾರಿಸುವುದು ಸೇವೆ ಪಡೆಯುವವರ ಹಕ್ಕು. ಪಾತ್ರೆಯೊಳಗೆ ಕೈಹಾಕುವುದಾಗಲೀ, ದ್ರವ ಸಾರಜನಕವನ್ನು ಮುಟ್ಟುವುದಾಗಲೀ ಕೂಡದು. ಚರ್ಮಕ್ಕೆ ತೀವ್ರ ಗಾಯವಾಗುತ್ತದೆ.

9.3 ಮುಂಚಿತ ಕೋರಿಕೆ

ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ದೇವಣಿ ಮುಂತಾದ ದೇಶೀ ತಳಿಗಳ ಹಸುಗಳಿಗೆ ಅದೇ ತಳಿಯ ವೀರ್ಯವನ್ನು ಬಯಸುವವರು ಹಸುವು ಬೆದೆಗೆ ಬರುವ ಮೊದಲೇ ಸಮೀಪದ ಪಶು ವೈದ್ಯಾಧಿಕಾರಿಗಳಿಗೆ ತಿಳಿಸಿರುವುದು ಒಳಿತು. ಬೆದೆ ಬಂದ ದಿನ ದಾಸ್ತಾನು ಹುಡುಕುವುದರಲ್ಲಿ ಸಮಯ ಮೀರಿಹೋಗುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಘನೀಕೃತ ವೀರ್ಯದಿಂದ ಹುಟ್ಟಿದ ಕರುಗಳು ದುರ್ಬಲವಾಗಿರುತ್ತವೆಯೇ? 
ಉತ್ತರ: ಇಲ್ಲ. ಹಾನಿಗೊಂಡ ವೀರ್ಯಾಣುಗಳು ಸಾಮಾನ್ಯವಾಗಿ ಅಂಡಾಣುವನ್ನು ತಲುಪುವುದೇ ಇಲ್ಲ. ಹಲವು ದಶಕಗಳಿಂದ ವಿಶ್ವದಾದ್ಯಂತ ಈ ವಿಧಾನದಿಂದ ಆರೋಗ್ಯವಂತ ಕರುಗಳು ಜನಿಸುತ್ತಿವೆ.

ಪ್ರಶ್ನೆ: ಒಂದೇ ಬಾರಿಗೆ ಎರಡು ಕಡ್ಡಿಗಳನ್ನು ಬಳಸಿದರೆ ಗಬ್ಬ ಖಚಿತವೇ? 
ಉತ್ತರ: ಇಲ್ಲ. ಸಮಯ ತಪ್ಪಿದಲ್ಲಿ ಎರಡು ಕಡ್ಡಿಗಳ ವೀರ್ಯಾಣುಗಳೂ ಅಂಡಾಣು ಬರುವ ಮೊದಲೇ ಸಾಯುತ್ತವೆ. ಮರುದಿನವೂ ಬೆದೆ ಮುಂದುವರಿದಲ್ಲಿ ಮಾತ್ರ, ಪಶು ವೈದ್ಯರ ಸಲಹೆಯಂತೆ ಮತ್ತೊಮ್ಮೆ ಮಾಡಿಸಬಹುದು.

ಪ್ರಶ್ನೆ: ಕಡ್ಡಿಯ ಮೇಲೆ ಹಳೆಯ ವರ್ಷವಿದ್ದಲ್ಲಿ ನಿರಾಕರಿಸಬೇಕೇ? 
ಉತ್ತರ: ಅವಶ್ಯಕತೆ ಇಲ್ಲ. ದ್ರವ ಸಾರಜನಕದ ಮಟ್ಟವನ್ನು ಸತತವಾಗಿ ಕಾಯ್ದುಕೊಂಡಿದ್ದಲ್ಲಿ ವರ್ಷಗಳಿಂದ ಹಾನಿಯಾಗದು.

ಪ್ರಶ್ನೆ: ಮೂರು ಬಾರಿ ಮಾಡಿಸಿದರೂ ಗಬ್ಬ ನಿಂತಿಲ್ಲ. ಹಸುವನ್ನು ಮಾರಬೇಕೇ? 
ಉತ್ತರ: ಕೂಡಲೇ ಮಾರಬಾರದು. ಮೊದಲಿಗೆ ಬೆದೆ ಕಂಡ ವೇಳೆ ಮತ್ತು ಗರ್ಭಧಾರಣೆಯ ವೇಳೆಯನ್ನು ಹೋಲಿಸಿ ನೋಡಬೇಕು. ನಂತರ ಪಶು ವೈದ್ಯಾಧಿಕಾರಿಗಳಿಂದ ಗರ್ಭಕೋಶದ ಪರೀಕ್ಷೆ ಮಾಡಿಸಬೇಕು. ಲೋಳೆಯಲ್ಲಿ ಕೀವಿನ ಅಂಶ, ಲವಣಾಂಶಗಳ ಕೊರತೆ, ಅಂಡಾಣು ತಡವಾಗಿ ಬಿಡುಗಡೆಯಾಗುವುದು ಮುಂತಾದ ಕಾರಣಗಳಿಗೆ ಚಿಕಿತ್ಸೆ ಲಭ್ಯವಿದೆ.

ಪ್ರಶ್ನೆ: ಗಬ್ಬ ನಿಂತಿರುವುದನ್ನು ಯಾವಾಗ ತಿಳಿಯಬಹುದು? 
ಉತ್ತರ: 18ರಿಂದ 24 ದಿನಗಳ ನಡುವೆ ಹಸುವನ್ನು ಗಮನಿಸಬೇಕು. ಬೆದೆಗೆ ಬಾರದಿದ್ದಲ್ಲಿಯೂ, ಎರಡರಿಂದ ಮೂರು ತಿಂಗಳ ವೇಳೆಗೆ ಗಬ್ಬ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

11. ಉಪಸಂಹಾರ

ವೀರ್ಯಾಣುವು ಕಡ್ಡಿಯೊಳಗೆ ಸೇರುವವರೆಗಿನ ಹೊಣೆ ಉತ್ಪಾದನಾ ಕೇಂದ್ರದ್ದು. ಪಾತ್ರೆಯಲ್ಲಿ ಸಾರಜನಕದ ಮಟ್ಟ ಕಾಯುವುದು ಮತ್ತು ಸರಿಯಾಗಿ ಕರಗಿಸಿ ಬಳಸುವುದು ಸಿಬ್ಬಂದಿಯ ಹೊಣೆ. ಬೆದೆಯನ್ನು ಗುರುತಿಸಿ ಸಕಾಲದಲ್ಲಿ ತಿಳಿಸುವುದು ಮಾಲೀಕರ ಹೊಣೆ. ಒಂದು ಬಾರಿ ಗಬ್ಬ ತಪ್ಪಿದಲ್ಲಿ ಕುಟುಂಬವು 21 ದಿನಗಳ ಮೇವು ಮತ್ತು ಶ್ರಮವನ್ನು ಕಳೆದುಕೊಳ್ಳುತ್ತದೆ. ಮುಂದಿನ ಕರು ಮತ್ತು ಹಾಲು ಅಷ್ಟೇ ದಿನ ಹಿಂದೆ ಬೀಳುತ್ತವೆ. ಆದುದರಿಂದ ಮೇಲ್ಕಂಡ ಅಂಶಗಳನ್ನು ಪಾಲಿಸಿ, ಸಂದೇಹಗಳಿದ್ದಲ್ಲಿ ಸಮೀಪದ ಪಶು ವೈದ್ಯಕೀಯ ಸಂಸ್ಥೆಯನ್ನು ಸಂಪರ್ಕಿಸಿ, ಈ ಸೇವೆಯ ಪೂರ್ಣ ಪ್ರಯೋಜನವನ್ನು ಪಡೆದುಕೊಳ್ಳಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.